ಒಂದು ಸಮಸ್ಯೆ ಬೇಕಾಗಿದೆ

ಬೆಳಿಗ್ಗೆ ಏಳು ಗಂಟೆಗೆ ಫೋನು ಬಂದಾಗ ಮುಕ್ಕಾಲು ಡಾಕ್ಟರು ಎಡಗೆನ್ನೆಯ ಗಡ್ಡ ಮುಗಿಸಿ ಬಲಗೆನ್ನೆಗೆ ಸೋಪು ಹಚ್ಚುತ್ತಿದ್ದರು. ಬಲಗೆನ್ನೆಯ ಗಡ್ಡ ಸಂಜೆಯವರೆಗೂ ಹಾಗೇ ಉಳಿಯಿತು ಅಂದರೆ ಆ ಫೋನು ಎಂಥದ್ದಿರಬೇಕು, ನೀವೇ ಊಹಿಸಿ.

"ಇವತ್ತು ಸಂಜೆ ಐದಕ್ಕೆ ನಿಮ್ಮ ನಲವತ್ತನೇ ಗಂಟೆ," ಅಂದಿತು ಆ ಕಡೆಯ ದನಿ. "ಹೋದ ಮೂರು ವಾರವೂ ನೀವು ನನ್ನ ಕೋಣೆಯ ಫ್ಯಾನಿನ ಬಗ್ಗೆನೇ ಮಾತಾಡಿದ್ರಿ. ಇವತ್ತಾದ್ರೂ ನಿಮ್ಮದು ಅನ್ನೋ ಒಂದು ಸಮಸ್ಯೆ ತಗೊಂಡು ಬನ್ನಿ. ಬರಿಗೈಲಿ ಬಂದ್ರೆ ಅದನ್ನ ನಾನು ಗಂಟೆ ಅಂತ ಲೆಕ್ಕಕ್ಕೇ ಹಿಡಿಯೋದಿಲ್ಲ."

"ಮೇಡಂ, ಅರ್ಜಿ ಕೊಡೋಕೆ ನಾಳೆನೇ ಕೊನೇ ದಿನ..."

"ಹೂಂ," ಅಂದು ಆಕೆ ಫೋನಿಟ್ಟರು.

ಮುಕ್ಕಾಲು ಡಾಕ್ಟರು ಅಂದರೆ ಮುಕ್ಕಾಲು ಪಾಲು ಡಾಕ್ಟರಾದವರು ಅಂತಲೇ ಅರ್ಥ. ಒಂದು ಹೈಸ್ಕೂಲಿನಲ್ಲಿ ಅವರು ಮಕ್ಕಳ ಆಪ್ತ ಸಮಾಲೋಚಕರು. ಓದು ತಲೆಗೆ ಹತ್ತದ ಮಕ್ಕಳು, ಮಾತೇ ಆಡದ ಮಕ್ಕಳು, ಪರೀಕ್ಷೆ ಅಂದರೆ ಹೊಟ್ಟೆನೋವು ಬರಿಸಿಕೊಳ್ಳುವ ಮಕ್ಕಳು ಬಂದು ಅವರ ಮುಂದೆ ಕೂರುತ್ತಿದ್ದರು. ಕೆಲಸದಲ್ಲಿ ಇದ್ದುಕೊಂಡೇ ಶೈಕ್ಷಣಿಕ ಆಪ್ತ ಸಮಾಲೋಚನಾ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಬಹುದು ಎಂದು ವಿಶ್ವವಿದ್ಯಾಲಯ ಹೇಳಿದ್ದನ್ನು ನಂಬಿ ಆರು ವರ್ಷದ ಹಿಂದೆ ಹೆಸರು ಬರೆಸಿದ್ದರು. ಮೊದಲ ವರ್ಷ ಮುಗಿದಾಗ ಸ್ಟಾಫ್ ರೂಮು ಅವರಿಗೆ ಕಾಲು ಡಾಕ್ಟರು ಎಂದು ಹೆಸರಿಟ್ಟಿತು. ಮೂರನೆಯ ವರ್ಷ ಅರ್ಧಕ್ಕೆ ಬಡ್ತಿ ಕೊಟ್ಟಿತು. ಮುಕ್ಕಾಲಿಗೆ ಬಂದು ನಿಂತ ಗಾಡಿ ಮಾತ್ರ ಎರಡು ವರ್ಷದಿಂದ ಅಲ್ಲಾಡಿರಲಿಲ್ಲ. ಈಗ ಮಕ್ಕಳ ಅಪ್ಪ-ಅಮ್ಮಂದಿರೂ "ಮುಕ್ಕಾಲು ಡಾಕ್ಟ್ರು ಇದ್ದಾರಾ?" ಅಂತಲೇ ಕೇಳಿಕೊಂಡು ಬರುತ್ತಿದ್ದರು.

ಪ್ರಬಂಧ ಒಪ್ಪಿಗೆಯಾಗಿತ್ತು. ಮಕ್ಕಳ ಜೊತೆ ಕೂರಬೇಕಾದ ಗಂಟೆಗಳೂ ಮುಗಿದಿದ್ದವು. ಉಳಿದದ್ದು ಒಂದು ನಿಯಮ. ಬೇರೆಯವರನ್ನು ಕೂರಿಸಿಕೊಂಡು ಮಾತಾಡಿಸುವವರು, ತಾವೂ ಒಬ್ಬ ಹಿರಿಯ ಸಮಾಲೋಚಕರ ಮುಂದೆ ನಲವತ್ತು ಗಂಟೆ ಕೂತು ಮನಸ್ಸು ಬಿಚ್ಚಿಡಬೇಕು. ಇವರ ಪಾಲಿಗೆ ಬಂದ ಹಿರಿಯರು ಈಗ ಫೋನು ಮಾಡಿದ ಮೇಡಂ. ನೀವು ಏನೇ ಹೇಳಿ, ಆಕೆ "ಹೂಂ" ಅನ್ನುತ್ತಿದ್ದರು. ಹಾಗಾಗಿ ಮುಕ್ಕಾಲು ಡಾಕ್ಟರು ಮನಸ್ಸಿನಲ್ಲೇ ಆಕೆಗೆ ಹೂಂ ಮೇಡಂ ಎಂದು ಹೆಸರಿಟ್ಟಿದ್ದರು.

ತೊಂದರೆ ಏನೆಂದರೆ ಇವರಿಗೆ ತೊಂದರೆಯೇ ಇರಲಿಲ್ಲ. ಮೊದಲ ಎಂಟು ಗಂಟೆ ಅಪ್ಪನ ಬಗ್ಗೆ ಮಾತಾಡಿದರು. ಅಪ್ಪ ಒಳ್ಳೆಯ ಮನುಷ್ಯ. ಒಳ್ಳೆಯವರ ವಿಷಯ ಎರಡು ಗಂಟೆಗೇ ಮುಗಿದುಹೋಗುತ್ತದೆ. ಉಳಿದ ಆರು ಗಂಟೆಯನ್ನು ಗಿಡ್ಡ ಹೊದಿಕೆಯನ್ನು ಕಾಲಿನತ್ತ ಎಳೆದ ಹಾಗೆ ಎಳೆದರು. ಆಮೇಲೆ ಅಮ್ಮ, ಅಣ್ಣ, ಐದನೇ ತರಗತಿಯಲ್ಲಿ ಕಳೆದುಹೋದ ಒಂದು ಕೊಡೆ, ಹಿಮ್ಮಡಿ ನೋವು. ಮೂವತ್ತಾರನೆಯ ಗಂಟೆಗೆ ಸರಕು ಪೂರ್ತಿ ಖಾಲಿ. ಮೂವತ್ತೇಳರಿಂದ ಫ್ಯಾನು.

ಡಾಕ್ಟರ್ ಅನ್ನಿಸಿಕೊಳ್ಳುವ ಆಸೆಯೇನೂ ಅವರಿಗೆ ದೊಡ್ಡದಾಗಿರಲಿಲ್ಲ. ಇದ್ದದ್ದು ಒಂದು ಬಾಗಿಲಿನ ಆಸೆ. ಶಾಲೆಯಲ್ಲಿ ಅವರು ಕೂರುತ್ತಿದ್ದದ್ದು ಆಟದ ಸಾಮಾನಿನ ಕೋಣೆಯಲ್ಲಿ. ಅದರ ಬಾಗಿಲಿಗೆ ಚಿಲಕವಿರಲಿಲ್ಲ. ಹೋದ ತಿಂಗಳು, ಆರು ವಾರದಿಂದ ಬಾಯೇ ಬಿಡದಿದ್ದ ಎಂಟನೇ ತರಗತಿಯ ಹುಡುಗಿಯೊಬ್ಬಳು "ಸರ್, ನಮ್ಮನೇಲಿ..." ಎಂದು ಶುರು ಮಾಡಿದ್ದಳು. ಅಷ್ಟರಲ್ಲಿ ಆಟದ ಮೇಷ್ಟ್ರು ಒಳಗೆ ನುಗ್ಗಿ "ಗಾಳಿ ಹೊಡೆಯೋ ಪಂಪು ಎಲ್ಲಿ?" ಅಂದರು. ಹುಡುಗಿ ಮುಚ್ಚಿದ ಬಾಯನ್ನು ಮತ್ತೆ ತೆರೆಯಲಿಲ್ಲ. "ಡಾಕ್ಟರೇಟ್ ಮುಗಿಸಿ ಬನ್ನಿ, ಸರಿಯಾದ ಕೋಣೆ ಕೊಡ್ತೀನಿ" ಎಂದು ಮುಖ್ಯೋಪಾಧ್ಯಾಯಿನಿ ಮಾತು ಕೊಟ್ಟಿದ್ದರು. ನಾಳೆ ತಪ್ಪಿದರೆ ಇನ್ನೊಂದು ವರ್ಷ.

ಮುಖ ಒರೆಸಿಕೊಂಡು ಅವರು ಅಡುಗೆಮನೆಗೆ ಹೋದರು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದಲ್ಲಿದ್ದ ಹೆಂಡತಿ ಹೊರಡುವ ಗಡಿಬಿಡಿಯಲ್ಲಿದ್ದಳು.

"ನೋಡು, ನನಗೇನಾದ್ರೂ ಸಮಸ್ಯೆ ಇದೆಯಾ?"

"ನಿಮಗೇನ್ರೀ ಸಮಸ್ಯೆ? ದಿಂಬು ಕಂಡ್ರೆ ನಿದ್ದೆ, ತಟ್ಟೆ ಕಂಡ್ರೆ ಹಸಿವು. ಸಮಸ್ಯೆ ಇರೋದು ನನಗೆ."

"ಹಾಗಲ್ಲ, ಆ ಮೇಡಂ ಕೇಳ್ತಿದ್ದಾರೆ."

"ಅಲ್ಲಾ, ಇಷ್ಟು ದಿನ ಅಲ್ಲಿ ಕೂತ್ಕೊಂಡು ನನ್ನ ಬಗ್ಗೆ ಏನೇನು ಹೇಳಿದ್ದೀರಿ?"

ಈ ಪ್ರಶ್ನೆ ಒಂದು ದಿನ ಬಂದೇ ಬರುತ್ತದೆಂದು ಅವರು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದರು. "ನಿನ್ನಾಣೆಗೂ ಒಂದು ಮಾತೂ ಆಡಿಲ್ಲ."

ಡಬ್ಬಿಯ ಮುಚ್ಚಳ ಒತ್ತುತ್ತಿದ್ದ ಕೈ ಅಲ್ಲೇ ನಿಂತಿತು. "ಒಂದು ಮಾತೂ?"

"ಒಂದೂ ಇಲ್ಲ," ಅಂದರು ಹೆಮ್ಮೆಯಿಂದ.

"ಮೂವತ್ತೊಂಬತ್ತು ಗಂಟೆ! ಕಳೆದುಹೋದ ಕೊಡೆ ನೆನಪಾಯ್ತು. ಹಿಮ್ಮಡಿ ನೆನಪಾಯ್ತು. ಯಾರದೋ ಮನೆ ಫ್ಯಾನು ನೆನಪಾಯ್ತು. ಹದಿನೆಂಟು ವರ್ಷದಿಂದ ಎದುರಿಗೇ ಓಡಾಡ್ತಿರೋ ನಾನು ನೆನಪಾಗ್ಲಿಲ್ಲ!"

"ಇಲ್ಲ ಇಲ್ಲ, ಸ್ವಲ್ಪ ಹೇಳಿದ್ದೆ ಅನ್ಸುತ್ತೆ."

"ಸ್ವಲ್ಪ ಏನು ಹೇಳಿದ್ರಿ?"

ಹಿಂದೆ ಹೋದರೆ ಗೋಡೆ, ಮುಂದೆ ಹೋದರೆ ಗುಂಡಿ. ಮುಕ್ಕಾಲು ಡಾಕ್ಟರು ಡಬ್ಬಿಯನ್ನೂ ಬಿಟ್ಟು, ಒಂದು ಕೆನ್ನೆಯ ಗಡ್ಡದ ಸಮೇತ ಶಾಲೆಗೆ ಓಡಿದರು.

ಸ್ಟಾಫ್ ರೂಮಿನಲ್ಲಿ ವಿಷಯ ಹೇಳಬಾರದಿತ್ತು. ಹೇಳಿಬಿಟ್ಟರು. ಹೇಳಿದ್ದೇ ತಡ, ಬಿಡುವಿದ್ದವರೆಲ್ಲ ಕುರ್ಚಿ ಎಳೆದುಕೊಂಡು ಸುತ್ತ ಕೂತರು.

"ಚಿಕ್ಕವರಿದ್ದಾಗ ಮನೇಲಿ ಯಾರಾದ್ರೂ ಹೊಡೀತಿದ್ರಾ?" ಗಣಿತದ ಟೀಚರು ಆಸೆಯಿಂದ ಕೇಳಿದರು.

"ಇಲ್ಲ."

"ಛೆ!" ಅವರಿಗೆ ನಿಜಕ್ಕೂ ಬೇಸರವಾಯಿತು. "ಹೋಗ್ಲಿ, ನಮ್ಮನೇದು ಒಂದು ತಗೊಂಡು ಹೋಗಿ. ಅತ್ತೇದು, ನಾದಿನೀದು ಎರಡೂ ಇದೆ. ಯಾವುದು ಬೇಕು?"

"ಸ್ವಂತದ್ದೇ ಆಗಬೇಕಂತೆ ಟೀಚರ್."

"ಡಾಕ್ಟ್ರೇ, ಇಲ್ಲಿ ಕೇಳಿ," ಅಂದರು ಆಟದ ಮೇಷ್ಟ್ರು. ಪರೋಪಕಾರ ಅವರಿಗೆ ಶೀತದ ಹಾಗೆ. ಬಂದರೆ ಅಕ್ಕಪಕ್ಕದವರಿಗೂ ಅಂಟುತ್ತಿತ್ತು. "ಸಮಸ್ಯೆ ಎಲ್ಲರ ಒಳಗೂ ಇರುತ್ತೆ. ನಿಮ್ಮ ಮೈ ಇನ್ನೂ ಬಿಸಿಯಾಗಿಲ್ಲ ಅಷ್ಟೇ. ಮಕ್ಕಳ ಹತ್ರ ಅದೇನೋ ಕಾಗದ ಬರೆಸ್ತೀರಲ್ಲ, ಅದನ್ನ ನೀವೇ ಬರೀರಿ. ತಾನಾಗೇ ಕಿತ್ಕೊಂಡು ಬರುತ್ತೆ."

ಮಾತು ಸರಿಯಾಗಿತ್ತು. ಯಾರ ಮೇಲಾದರೂ ಸಿಟ್ಟಿದ್ದರೆ, ಮನಸ್ಸಿನಲ್ಲಿ ಇರುವುದನ್ನೆಲ್ಲ ಅವರಿಗೊಂದು ಕಾಗದವಾಗಿ ಬರೆದು, ಕಳಿಸದೆ ಹರಿದುಹಾಕುವುದು ಮುಕ್ಕಾಲು ಡಾಕ್ಟರು ಮಕ್ಕಳಿಗೆ ಹೇಳಿಕೊಡುತ್ತಿದ್ದ ಉಪಾಯ. ತಮಗೇ ಅದು ಹೊಳೆದಿರಲಿಲ್ಲ.

ಆಟದ ಸಾಮಾನಿನ ಕೋಣೆಯಲ್ಲಿ, ಚೆಂಡುಗಳ ಬುಟ್ಟಿಯ ಪಕ್ಕ ಕೂತು ಅವರು 'ಮುಖ್ಯೋಪಾಧ್ಯಾಯಿನಿಯವರಿಗೆ' ಎಂದು ಬರೆದರು. ಮೊದಲ ಸಾಲು ಬರಲು ಹತ್ತು ನಿಮಿಷ ಹಿಡಿಯಿತು. ಎರಡನೆಯದು ತಾನಾಗೇ ಬಂತು. ಮೂರನೆಯದಕ್ಕೆ ಪೆನ್ನು ಸಾಲಲಿಲ್ಲ. 'ನಿಮ್ಮ ಕೋಣೆಗೆ ಎರಡು ಬಾಗಿಲು. ಒಂದರಲ್ಲಿ ನಿಂತು ಮಾತು ಕೊಡುತ್ತೀರಿ, ಇನ್ನೊಂದರಿಂದ ಅದನ್ನು ಹೊರಗೆ ಕಳಿಸುತ್ತೀರಿ. ನೀವು ಮೀಟಿಂಗ್ ಶುರು ಮಾಡಿದರೆ ಗೋಡೆಯ ಗಡಿಯಾರಕ್ಕೂ ಆಕಳಿಕೆ ಬರುತ್ತದೆ.' ತಮಗೆ ಇಷ್ಟು ಸಿಟ್ಟಿದೆಯೆಂದು ಅವರಿಗೇ ಗೊತ್ತಿರಲಿಲ್ಲ. ತಮ್ಮ ಕೋಣೆಯ ವಿಷಯಕ್ಕೆ ಬರುವ ಮೊದಲೇ ನಾಲ್ಕು ಪುಟ ತುಂಬಿಹೋಯಿತು.

ಅದೇ ಹುರುಪಿನಲ್ಲಿ ಹೆಂಡತಿಗೂ ಒಂದು ಶುರು ಮಾಡಿದರು. ಅರ್ಧ ಪುಟಕ್ಕೆ ಗಂಟೆ ಹೊಡೆಯಿತು. ಆ ಕಾಗದವನ್ನು ಜೇಬಿಗೆ ಇಳಿಬಿಟ್ಟು, ನಾಲ್ಕು ಪುಟವನ್ನು ಮಡಿಸಿ ಮೇಜಿನ ಮೇಲಿಟ್ಟು ತರಗತಿಗೆ ಹೋದರು.

ಅಲ್ಲಿಗೆ ಆಟದ ಮೇಷ್ಟ್ರು ವಾಲಿಬಾಲ್ ಬಲೆ ಹುಡುಕಿಕೊಂಡು ಬಂದರು. ಮೇಜಿನ ಮೇಲೆ, 'ಮುಖ್ಯೋಪಾಧ್ಯಾಯಿನಿಯವರಿಗೆ' ಎಂದು ಮೇಲ್ಗಡೆ ಕಾಣುವಂತೆ ಮಡಿಸಿದ ಕಾಗದ. ಸಂಜೆ ಬೇಗ ಹೋಗಲು ಬರೆದ ಅರ್ಜಿ ಇರಬೇಕು, ಪಾಪ, ಕೊಡುವುದನ್ನು ಮರೆತಿದ್ದಾರೆ ಎಂದುಕೊಂಡು ಅದನ್ನು ಒಯ್ದು ಆಕೆಯ ಮೇಜಿನ ಮೇಲಿಟ್ಟರು. ಕಳಿಸದ ಕಾಗದ ಹೀಗೆ ಕಳಿಸದೆಯೇ ತಲುಪಿತು.

ತರಗತಿಯಿಂದ ಬಂದು ನೋಡಿದರೆ ಮೇಜು ಖಾಲಿ. ಮುಕ್ಕಾಲು ಡಾಕ್ಟರು ಬುಟ್ಟಿಯ ಚೆಂಡುಗಳನ್ನೆಲ್ಲ ನೆಲಕ್ಕೆ ಸುರಿದು, ಅವುಗಳ ನಡುವೆ ಮೊಣಕಾಲೂರಿ ಹುಡುಕುತ್ತಿದ್ದಾಗ ಜವಾನ ಬಂದು, "ಸರ್, ಮೇಡಂ ಕರೀತಿದ್ದಾರೆ. ಈಗಲೇ ಅಂತೆ," ಅಂದ.

ಮುಖ್ಯೋಪಾಧ್ಯಾಯಿನಿಯ ಕಣ್ಣು ಕೆಂಪಾಗಿತ್ತು. ಕೈಯಲ್ಲಿ ನಾಲ್ಕು ಪುಟ.

"ಕೂತ್ಕೊಳ್ಳಿ. ಯಾರೋ ನನಗೆ ಇದನ್ನ ಬರೆದಿದ್ದಾರೆ. ಹೆಸರಿಲ್ಲ, ಸಹಿ ಇಲ್ಲ."

ಕೋಣೆಯ ವಿಷಯಕ್ಕೇ ಬಾರದ ಮೇಲೆ ಸಹಿಯ ಮಾತೆಲ್ಲಿ? ಅವರ ವರದಿಗಳೆಲ್ಲ ಟೈಪಾಗಿಯೇ ಹೋಗುತ್ತಿದ್ದುದರಿಂದ ಕೈಬರಹದ ಗುರುತೂ ಆಕೆಗಿರಲಿಲ್ಲ. ಮುಕ್ಕಾಲು ಡಾಕ್ಟರಿಗೆ ಹೋದ ಜೀವ ಬಂದಂತಾಯಿತು. ಆದರೆ ಬಂದ ಜೀವ ಕೂತುಕೊಳ್ಳುವಷ್ಟರಲ್ಲಿ ಆಕೆ ಕಾಗದವನ್ನು ಇವರತ್ತ ತಳ್ಳಿದರು.

"ಮನಸ್ಸಿನ ವಿಷಯ ಓದಿದವರು ನೀವು. ಬರೆದಿರೋನು ಎಂಥ ಮನುಷ್ಯ, ಹೇಳಿ."

"ಮೂಲತಃ ತುಂಬಾ ಒಳ್ಳೆಯವನು ಅನ್ಸುತ್ತೆ ಮೇಡಂ. ಸ್ವಲ್ಪ ದಣಿದಿದ್ದಾನೆ."

"ಒಳ್ಳೆಯವನಾ? ಎರಡನೇ ಪುಟ ಓದಿ. ಗಡಿಯಾರಕ್ಕೆ ಆಕಳಿಕೆ ಬರುತ್ತಂತೆ! ಇದು ಒಳ್ಳೆಯವನ ಮಾತಾ?"

"ಭಾಷೆ ಮಾತ್ರ ಚೆನ್ನಾಗಿದೆ," ಅಂದುಬಿಟ್ಟರು. ಬರೆದವರ ಹಣೆಬರಹ, ಹೊಗಳುವ ಅವಕಾಶ ಸಿಕ್ಕರೆ ಸುಮ್ಮನಿರಲಾಗುವುದಿಲ್ಲ.

ಆಕೆ ಕಣ್ಣೊರೆಸಿಕೊಂಡರು. "ಇಪ್ಪತ್ತಾರು ವರ್ಷ ಈ ಶಾಲೆಗೆ ದುಡಿದಿದ್ದೀನಿ. ನನ್ನ ಮುಖ ನೋಡಿ ಹೇಳೋ ಧೈರ್ಯ ಇಲ್ಲದೆ ಹೀಗೆ ಬರೀತಾರಲ್ಲ!" ಮುಂದಿನ ಅರ್ಧ ಗಂಟೆ ಮುಕ್ಕಾಲು ಡಾಕ್ಟರು ತಾವು ಮಾಡಿದ ಗಾಯಕ್ಕೆ ತಾವೇ ಮುಲಾಮು ಹಚ್ಚುತ್ತ ಕೂತರು. ಆರು ವರ್ಷದಲ್ಲಿ ಕಲಿತದ್ದೆಲ್ಲ ಕೈಹಿಡಿಯಿತು. ಆಕೆಯ ಉಸಿರು ತಹಬಂದಿಗೆ ಬಂತು. "ನಿಮ್ಮ ಹತ್ರ ಮಾತಾಡಿದ್ದು ಒಳ್ಳೇದಾಯ್ತು. ಎಷ್ಟು ಸಮಾಧಾನ ಆಯ್ತು ಗೊತ್ತಾ?" ಅಂದರು.

ಬಾಗಿಲಲ್ಲಿ ಆಟದ ಮೇಷ್ಟ್ರ ತಲೆ ಕಾಣಿಸಿತು. "ಮೇಡಂ, ವಾಲಿಬಾಲ್ ಬಲೆ ಹರಿದುಹೋಗಿದೆ... ಓ ಡಾಕ್ಟ್ರೇ, ಇಲ್ಲೇ ಇದ್ದೀರಾ! ನೀವು ಮೇಜಿನ ಮೇಲೇ ಬಿಟ್ಟುಹೋಗಿದ್ರಲ್ಲ ಕಾಗದ, ನಾನೇ ತಂದು ಮೇಡಂ ಹತ್ರ ಇಟ್ಟೆ. ನಾಲ್ಕು ಪುಟ. ಸಿಕ್ತಾ ಮೇಡಂ?"

ಮುಖ್ಯೋಪಾಧ್ಯಾಯಿನಿ ಕಾಗದ ನೋಡಿದರು, ಇವರ ಮುಖ ನೋಡಿದರು. ಆಗಲೇ ಆಕೆಗೆ ಒಂದು ಕೆನ್ನೆ ನುಣ್ಣಗೂ ಇನ್ನೊಂದು ಕೆನ್ನೆ ಉಜ್ಜುವ ಕಾಗದದಂತೆಯೂ ಇದ್ದದ್ದು ಕಣ್ಣಿಗೆ ಬಿದ್ದದ್ದು.

"ಮೇಡಂ, ಅದು ಕಳಿಸೋ ಕಾಗದ ಅಲ್ಲ. ಸಮಸ್ಯೆ ಬೇಕಾಗಿತ್ತು, ಅದಕ್ಕೆ ಬರೆದೆ," ಅಂದರು ಮುಕ್ಕಾಲು ಡಾಕ್ಟರು.

"ಸಮಸ್ಯೆ ಬೇಕಾಗಿತ್ತಾ?" ಆಕೆಯ ದನಿ ತಣ್ಣಗಿತ್ತು. "ಕೊಡ್ತೀನಿ."

ಮೂರು ದಿನದೊಳಗೆ ಲಿಖಿತ ಉತ್ತರ ಕೊಡಬೇಕೆಂದು ನೋಟಿಸು ಟೈಪಾಯಿತು. ಇವರ ಮೇಜು ಆಟದ ಸಾಮಾನಿನ ಕೋಣೆಯಿಂದ ಹೊರಟು ಮೆಟ್ಟಿಲ ಕೆಳಗೆ, ನೀರಿನ ಡ್ರಮ್ಮಿನ ಪಕ್ಕ ಹೋಗಿ ನಿಂತಿತು. ಬಾಗಿಲಿಗೆ ಚಿಲಕ ಇಲ್ಲ ಎಂದು ಕೊರಗುತ್ತಿದ್ದವರಿಗೆ ಈಗ ಗೋಡೆಯೂ ಇಲ್ಲ. ಇಷ್ಟು ಸಾಲದೆಂದು ಆಕೆ ಅಂಚೆ ಕಚೇರಿಗೆ ಫೋನು ಮಾಡಿ, "ನಿಮ್ಮ ಮನೆಯವರು ಆರೋಗ್ಯವಾಗಿದ್ದಾರಾ? ನನಗೆ ನಾಲ್ಕು ಪುಟ ಕಾಗದ ಬರೆದಿದ್ದಾರೆ," ಎಂದು ಕಾಳಜಿಯಿಂದ ವಿಚಾರಿಸಿದರು.

ಐದು ನಿಮಿಷಕ್ಕೆ ಇವರ ಫೋನು ಬಡಿದುಕೊಂಡಿತು.

"ನಾಲ್ಕು ಪುಟಾನಾ?" ಅಂದಳು ಹೆಂಡತಿ.

"ಬೈದು ಬರೆದದ್ದು ಕಣೇ!"

"ಏನಾದ್ರೂ ಆಗ್ಲಿ, ಬರೆದ್ರಲ್ಲ. ದಿನಾ ಬೆಳಿಗ್ಗೆಯಿಂದ ಸಂಜೆವರೆಗೆ ಊರಿನೋರ ಕಾಗದನೆಲ್ಲ ಮುಟ್ತೀನಿ. ಹದಿನೆಂಟು ವರ್ಷದಲ್ಲಿ ನನ್ನ ಹೆಸರಿಗೆ ನಿಮ್ಮದು ಒಂದಾದ್ರೂ ಬಂದಿದೆಯಾ?"

"ಬರೆದಿದ್ದೀನಿ! ಇವತ್ತೇ ಬರೆದಿದ್ದೀನಿ! ಜೇಬಲ್ಲೇ ಇದೆ!" ಮುಳುಗುವವನಿಗೆ ಹಗ್ಗ ಸಿಕ್ಕಂತೆ ಅವರು ಕೂಗಿದರು.

ಆ ಕಡೆ ದನಿ ಮೆತ್ತಗಾಯಿತು. "ಹೌದಾ? ಓದಿ."

ಕಾಗದ ಬಿಡಿಸಿದ ಮೇಲೆ ಅವರಿಗೆ ನೆನಪಾಯಿತು ಅದು ಎಂಥ ಕಾಗದವೆಂದು. ಆದರೆ ಬಾಯಿಂದ ಮಾತು ಹೊರಟಾಗಿತ್ತು. "'ನನ್ನ ಮಾತು ಮುಗಿಯುವ ಮೊದಲೇ ನೀನು ಮುಗಿಸುತ್ತೀಯ. ಅದನ್ನೂ ತಪ್ಪಾಗಿ...'"

"ತಪ್ಪಾಗಿ ಮುಗಿಸ್ತೀನಿ. ಆಮೇಲೆ?"

"ಅಷ್ಟೇ. ಗಂಟೆ ಹೊಡೀತು."

"ಎಷ್ಟು ಪುಟ?"

"ಅರ್ಧ."

ಹೆಂಡತಿ ಲೆಕ್ಕ ಹಾಕಿದಳು. "ಅವರನ್ನ ಬೈಯೋಕೆ ನಾಲ್ಕು ಪುಟ, ನನ್ನ ಬೈಯೋಕೆ ಅರ್ಧ. ಸರಿ. ನಾನು ಅಕ್ಕನ ಮನೆಗೆ ಹೋಗ್ತೀನಿ. ಮನೆ ಬೀಗದ ಕೈನೂ ನನ್ನ ಹತ್ರಾನೇ ಇರುತ್ತೆ. ಪುಟ ತುಂಬಿದ ಮೇಲೆ ಅಲ್ಲಿಗೆ ಪೋಸ್ಟ್ ಮಾಡಿ."

ನಾಲ್ಕೂವರೆಗೆ ಮುಕ್ಕಾಲು ಡಾಕ್ಟರು ಶಾಲೆಯಿಂದ ಹೊರಟರು. ಬಸ್ಸಿಗೆ ಕಾಯುವ ತಾಳ್ಮೆ ಉಳಿದಿರಲಿಲ್ಲ, ನಡೆದೇ ಹೋದರು. ಬೇಲಿ ಮೇಲೆ ಹೋಗುವ ಓತಿಕ್ಯಾತವನ್ನು ಕರೆದು ಮೈಮೇಲೆ ಬಿಟ್ಟುಕೊಂಡ ಮೊದಲ ಮನುಷ್ಯ ತಾವೇ ಇರಬೇಕು ಎಂದು ದಾರಿಯುದ್ದಕ್ಕೂ ಅನ್ನಿಸಿತು. ಆದರೆ ಹೂಂ ಮೇಡಂ ಅವರ ಬೀದಿ ಹತ್ತಿರವಾದ ಹಾಗೆ ಎದೆಯೊಳಗೆ ಏನೋ ಒಂದು ಗೆಲುವೂ ಕಾಣಿಸಿಕೊಂಡಿತು. ಸಮಸ್ಯೆ ಕೇಳಿದ್ದರಲ್ಲ? ತಗೊಳ್ಳಲಿ. ಬೆಳಿಗ್ಗೆ ಒಂದಕ್ಕೆ ಪರದಾಡಿದವರ ಬಳಿ ಈಗ ಹೊರಲಾರದಷ್ಟಿತ್ತು.

ಸರಿಯಾಗಿ ಐದಕ್ಕೆ ಕುರ್ಚಿಯಲ್ಲಿ ಕೂತರು. ಮೇಡಂ ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಮಾತು ಕಟ್ಟೆ ಒಡೆದಿತ್ತು. ಕಾಗದ, ನೋಟಿಸು, ನೀರಿನ ಡ್ರಮ್ಮು, ಹೆಂಡತಿ, ಅರ್ಧ ಪುಟ ಎಲ್ಲ ಬಂತು. ಬಲೆ ಹಿಡಿದು ಇಣುಕಿದ ಆಟದ ಮೇಷ್ಟ್ರ ಮಾತಿಗೆ ಬಂದಾಗ ಮೇಜು ಗುದ್ದಿದರು. ಆಮೇಲೆ, ತಾವು ಹೇಳಬೇಕೆಂದೇ ಇರದಿದ್ದ ಆ ಹುಡುಗಿಯ ವಿಷಯ ಬಂತು. "ಆರು ವಾರ ಕಾದಿದ್ದೆ ಮೇಡಂ. ಎರಡೇ ಎರಡು ಮಾತು ಆಡಿದ್ಲು. ಈಗ ಕಾರಿಡಾರಲ್ಲಿ ಎದುರಿಗೆ ಬಂದ್ರೆ ತಲೆ ಬಗ್ಗಿಸ್ಕೊಂಡು ಹೋಗ್ತಾಳೆ. ಅವಳು ಏನು ಹೇಳೋಳಿದ್ಲು ಅಂತ ನನಗಿನ್ನೂ ಗೊತ್ತಿಲ್ಲ," ಅನ್ನುವಾಗ ಅತ್ತುಬಿಟ್ಟರು. ಅಳುವ ಉದ್ದೇಶವಿರಲಿಲ್ಲ, ಬಂದದ್ದನ್ನು ತಡೆಯಲಾಗಲಿಲ್ಲ.

ಮೇಡಂ ಒಂದು ಸಲವೂ ಹೂಂ ಅನ್ನಲಿಲ್ಲ. ಪುಟಗಟ್ಟಲೆ ಬರೆದುಕೊಂಡರು. ಗಡಿಯಾರ ಆರು ತೋರಿಸಿದಾಗ ಪೆನ್ನು ಕೆಳಗಿಟ್ಟು, "ಇವತ್ತು ನೀವು ಮಾತಾಡಿದ ಹಾಗೆ ಈ ಕುರ್ಚೀಲಿ ಯಾರೂ ಮಾತಾಡಿಲ್ಲ," ಅಂದರು. ಅವರ ದನಿಯೂ ಸ್ವಲ್ಪ ಒದ್ದೆಯಾಗಿತ್ತು.

ಮುಕ್ಕಾಲು ಡಾಕ್ಟರು ಮೂಗೊರೆಸಿಕೊಂಡು ವಿಶ್ವವಿದ್ಯಾಲಯದ ಫಾರಂ ಮುಂದಿಟ್ಟರು. ಮೇಡಂ 'ನಲವತ್ತು ಗಂಟೆ ಪೂರ್ಣ' ಎಂದು ಬರೆದು ಸಹಿ ಹಾಕಿದರು. ಆ ಸಹಿ ಕಂಡು ಇವರಿಗೆ ದಿನವೆಲ್ಲ ಪಟ್ಟ ಪಾಡು ಸಾರ್ಥಕ ಅನ್ನಿಸಿತು. ನೋಟಿಸಿಗೆ ಉತ್ತರ ಬರೆಯಬಹುದು. ಹೆಂಡತಿಗೆ ಐದು ಪುಟ ಬರೆಯಬಹುದು. ಕೈ ಚಾಚಿದರು.

ಮೇಡಂ ಫಾರಂ ಕೊಡಲಿಲ್ಲ, ತಿರುಗಿಸಿದರು. "ಹಿಂದುಗಡೆ ಇನ್ನೊಂದು ಪ್ರಶ್ನೆ ಇದೆ."

ಹಿಂದುಗಡೆ ಒಂದು ಪ್ರಶ್ನೆ ಇದೆಯೆಂಬುದು ಮುಕ್ಕಾಲು ಡಾಕ್ಟರಿಗೆ ಗೊತ್ತಿರಲಿಲ್ಲ. 'ಅಭ್ಯರ್ಥಿಯ ಸದ್ಯದ ಮನಸ್ಥಿತಿ ಮಕ್ಕಳಿಗೆ ಸಮಾಲೋಚನೆ ನಡೆಸಲು ತಕ್ಕುದಾಗಿದೆಯೇ?' ಮೇಡಂ ಸ್ವಲ್ಪ ಹೊತ್ತು ಇವರ ಕೆಂಪು ಕಣ್ಣು, ಒಂದು ಕಡೆಯ ಗಡ್ಡ ನೋಡಿದರು. ಆಮೇಲೆ ದುಂಡು ಅಕ್ಷರದಲ್ಲಿ ಬರೆದರು: 'ಸದ್ಯಕ್ಕೆ ಇಲ್ಲ. ಇನ್ನೂ ನಲವತ್ತು ಗಂಟೆ ಅಗತ್ಯ.'

"ಮೇಡಂ!" ಕುರ್ಚಿ ಹಿಂದಕ್ಕೆ ಬಿತ್ತು. "ಸಮಸ್ಯೆ ತಗೊಂಡು ಬನ್ನಿ ಅಂದಿದ್ದು ನೀವೇ ಅಲ್ವಾ?"

"ಹೌದು. ತಂದಿದ್ದೀರಿ. ಇಷ್ಟೊಂದು ಹೊತ್ಕೊಂಡಿರೋರ ಕೈಗೆ ಮಕ್ಕಳನ್ನ ಕೊಡಿ ಅಂತ ನಾನು ಹ್ಯಾಗೆ ಬರೀಲಿ?"

"ಬರಿಗೈಲಿ ಬಂದಿದ್ರೆ?"

"ಬೈದು, ಎರಡೂ ಕಡೆ ಸಹಿ ಹಾಕಿ ಕಳಿಸ್ತಿದ್ದೆ. ಕೊನೇ ಗಂಟೆಗೆ ಮೊದಲು ಎಲ್ಲರಿಗೂ ಹೀಗೇ ಫೋನ್ ಮಾಡಿ ಹೆದರಿಸ್ತೀನಿ. ಹದಿನೈದು ವರ್ಷದಲ್ಲಿ ನಿಜವಾಗ್ಲೂ ತಗೊಂಡು ಬಂದೋರು ನೀವೊಬ್ಬರೇ."

"ಇದು ಬರೀ ಇವತ್ತಿನದು ಮೇಡಂ! ಬೆಳಿಗ್ಗೆ ಏಳು ಗಂಟೆವರೆಗೂ ನನಗೆ ಯಾವ ಸಮಸ್ಯೆನೂ ಇರಲಿಲ್ಲ!"

"ಮೂವತ್ತೊಂಬತ್ತು ಗಂಟೆನೂ ಅದನ್ನೇ ಹೇಳಿದ್ರಿ," ಅಂದರು ಮೇಡಂ ನಿಟ್ಟುಸಿರು ಬಿಟ್ಟು. "ನಾನೂ ನಂಬಿಬಿಟ್ಟಿದ್ದೆ, ನೋಡಿ."

ಮುಕ್ಕಾಲು ಡಾಕ್ಟರು ಬಾಗಿಲತ್ತ ತಿರುಗಿದರು. ಹೊರಡೋಣವೆಂದರೆ ಎಲ್ಲಿಗೆ? ಮನೆಗೆ ಬೀಗ. ಶಾಲೆಗೆ ಹೋದರೆ ನೀರಿನ ಡ್ರಮ್ಮು. ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದರು.

"ಆರು ಗಂಟೆಗೆ ಬರಬೇಕಾಗಿದ್ದೋರು ಬರೋಲ್ಲ ಅಂದಿದ್ದಾರೆ," ಮೇಡಂ ಡ್ರಾಯರಿನಿಂದ ಒಂದು ಹೊಸ ನೋಟ್‌ಬುಕ್ ತೆಗೆದು ಮೊದಲ ಪುಟದಲ್ಲಿ 'ಒಂದು' ಎಂದು ಬರೆದರು. "ಬೇಕಿದ್ರೆ ಈಗಲೇ ಶುರು ಮಾಡಬಹುದು. ಕೂತ್ಕೊಳ್ಳಿ. ಇವತ್ತು ಯಾರ ಮೇಲೆ ಹೆಚ್ಚು ಸಿಟ್ಟಿದೆಯೋ ಅವರಿಂದಲೇ ಶುರು ಮಾಡಿ. ನಿಮ್ಮ ಮುಖ್ಯೋಪಾಧ್ಯಾಯಿನಿನಾ? ಆಟದ ಮೇಷ್ಟ್ರಾ? ಮನೆಯವರಾ?"

ಮುಕ್ಕಾಲು ಡಾಕ್ಟರು ಕೂತರು. ಅಂಗಿಯ ತೋಳು ಮೇಲಕ್ಕೆ ಮಡಿಸಿಕೊಂಡರು.

"ಅವರೆಲ್ಲ ಆಮೇಲೆ ಮೇಡಂ," ಅಂದರು. "ಮೊದಲು ನಿಮ್ಮಿಂದ."